ಟೈಪಿಸ್ಟ್ ತಿದ್ದದೆ ಬಿಟ್ಟ ‘ಮೇ’

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದಾಗ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕನ ಕೆನ್ನೆ ಊದಿತ್ತು. ತಂಗಿ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್ ಎಂದು ಮಾತಿನಿಂದ ತಿಳಿಯಿತು.

“ದಿನಾ ತಡವಾಗಿ ಬರ್ತಾರೆ ಅಂತ ನಿಮ್ಮ ಮ್ಯಾನೇಜರಿಗೆ ನೋಟೀಸ್ ಬಂದಿತ್ತಲ್ಲ, ಏನಾಯ್ತೇ?”

“ಉತ್ತರ ಅವರೇ ಇಂಗ್ಲಿಷಲ್ಲಿ ಬರೆದು, ಟೈಪ್ ಮಾಡು ಅಂತ ಕೊಟ್ರು ಅಕ್ಕ. ‘ಫ್ರಮ್ ನೌ ಆನ್ ಐ ಮೇ ಕಮ್ ಆನ್ ಟೈಮ್.’”

“ಸರಿಯಾಗೇ ಇದೆಯಲ್ಲ?”

“ಎಲ್ಲಿ ಸರಿ? ‘ಫ್ರಮ್ ನೌ ಆನ್’ ಅಂತ ಮಾತು ಕೊಡೋಕೆ ಹೊರಟ ಮೇಲೆ ‘ವಿಲ್’ ಬರಬೇಕು. ‘ಮೇ’ ಅಂದ್ರೆ, ಇನ್ಮೇಲೆ ಹೊತ್ತಿಗೆ ಸರಿಯಾಗಿ ಬಂದ್ರೂ ಬಂದೇನು ಅಂದ ಹಾಗಾಯ್ತು.”

“ಅಯ್ಯೋ! ನೀನು ತಿದ್ದಲಿಲ್ವಾ?”

“ಹೋದ ವರ್ಷ ಇಂಥದ್ದೇ ಒಂದು ‘ಮೇ’ ತಿದ್ದಿದ್ದೆ. ಇಡೀ ಆಫೀಸಿನ ಮುಂದೆ ನಿಲ್ಲಿಸಿ, ನಿನ್ನ ಬೆರಳಿಗೆ ಸಂಬಳ, ತಲೆಗಲ್ಲ ಅಂದ್ರು. ಕ್ಷಮೆ ಕೇಳಿಸಿದ್ರು. ಈ ಸಲ ಬೆರಳು ಮಾತ್ರ ಕೆಲಸ ಮಾಡ್ತು.”

“ಸಹಿ ಹಾಕೋ ಮುಂಚೆ ಓದಲಿಲ್ವಾ?”

“ಎರಡು ಸಲ ಓದಿ, ತಲೆದೂಗಿ ಹಾಕಿದ್ರು. ಮೇಲಿನವರು ಇದೇನು ಉಡಾಫೆ ಅಂತ ಕೆಂಡವಾದ್ರು. ಕುರ್ಚಿ ಹೋಯ್ತು, ಈಗ ಗೋದಾಮಿಗೆ ಹಾಕಿದ್ದಾರೆ.”

“ನಿನ್ನನ್ನೇನೂ ಅನ್ನಲಿಲ್ವಾ?”

“ಹೋಗೋವಾಗ ನನ್ನ ಮೇಜಿನ ಹತ್ರ ನಿಂತು, ‘ನಿನಗೆ ಗೊತ್ತಿತ್ತು, ಹೇಳಬಹುದಿತ್ತು’ ಅಂದ್ರು.”

“ನೀನೇನಂದೆ?”

“‘ಹೇಳಬಹುದಿತ್ತು ಸಾರ್’ ಅಂದೆ. ತಲೆ ಎತ್ತಲಿಲ್ಲ, ಟೈಪ್ ಮಾಡ್ತಾನೇ ಇದ್ದೆ.”

ಅಕ್ಕ ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡಳು. ಅಷ್ಟರಲ್ಲಿ ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.