ಬಾಗಿಲು ತೆರೆದಾಗ ಇಳಿದ ಗೆರೆ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಮೇಡಂ ಅವರೇ, ವೈದ್ಯ ಮಿತ್ರರೇ, ದಾದಿಯರೇ, ಮೊದಲ ಸಾಲಿನಲ್ಲಿರುವ ನಮ್ಮ ಅತ್ತೆಯವರೇ, ಮತ್ತು ಚಹಾ ಯಾವಾಗ ಬರುತ್ತದೆ ಎಂದು ಹಿಂದಿನ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಮೇಡಂ ಅವರ ಬಗ್ಗೆ ನಾಲ್ಕು ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಈ ಅರ್ಹತೆ ಇರುವುದು ಇಬ್ಬರಿಗೆ. ಒಬ್ಬ, ಅವರ ಗಂಡನಾದ ನಾನು. ಇನ್ನೊಬ್ಬರು, ಅವರ ಸಂಶೋಧನೆಗೆ ವರ್ಷಗಟ್ಟಲೆ ತಮ್ಮ ಕೈಯನ್ನು ಒಪ್ಪಿಸಿದ ಅಧ್ಯಕ್ಷರು. ಅಧ್ಯಕ್ಷರು ಕೊನೆಗೆ ಮಾತನಾಡುತ್ತಾರೆ. ಕೊನೆಯ ಮಾತೇ ನಿಮ್ಮ ನೆನಪಿನಲ್ಲಿ ಉಳಿಯುತ್ತದೆ. ಪರವಾಗಿಲ್ಲ, ನನಗೆ ಅಭ್ಯಾಸವಾಗಿದೆ.

ನಾನು ಅರಿವಳಿಕೆ ವೈದ್ಯ. ಜನರನ್ನು ಮಲಗಿಸುವುದು ನನ್ನ ಕೆಲಸ. ಇಲ್ಲಿಯೂ ಅದೇ ಆದರೆ ಕ್ಷಮೆ ಇರಲಿ.

ಮೇಡಂ ಮಾಡಿದ ಕೆಲಸವೇನು? ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟಾಗ ಅಲ್ಲಿನ ರಕ್ತದ ಓಡಾಟ ಏನಾಗುತ್ತದೆ ಎಂದು ನೋಡಿದ್ದು. ಇದರಲ್ಲಿ ನೋಡುವುದೇನಿದೆ ಎಂದು ನಾನೂ ಕೇಳಿದ್ದೆ. ಸೂಜಿ ಚುಚ್ಚಿದ ಜಾಗ ಬಿಳಿಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ, ಮದ್ದು ರಕ್ತವನ್ನು ತಡೆಯುತ್ತದೆ ಎಂದುಕೊಂಡಿದ್ದೇವೆ. ಆದರೆ ಬಿಳಿಚಿಸುವುದು ಮದ್ದಿಗೆ ಬೆರೆಸಿದ ಅಡ್ರಿನಲಿನ್. ಅದನ್ನು ಬೆರೆಸದಿದ್ದರೆ ನಾವು ದಿನವೂ ಬಳಸುವ ಹೆಚ್ಚಿನ ಮದ್ದುಗಳು ಮಾಡುವುದು ತದ್ವಿರುದ್ಧ. ರಕ್ತನಾಳಗಳನ್ನು ಬಿಗಿಯಾಗಿರಿ ಎಂದು ಗದರಿಸುತ್ತಿರುವ ನರದ ಬಾಯಿಯನ್ನು ಅವು ಕಟ್ಟುತ್ತವೆ. ಆಗ ನಾಳಗಳು ಸಡಿಲವಾಗುತ್ತವೆ, ಚರ್ಮ ಕೆಂಪಾಗುತ್ತದೆ, ಬೆಚ್ಚಗಾಗುತ್ತದೆ. ಯಜಮಾನ ಊರಲ್ಲಿಲ್ಲದ ದಿನ ಮನೆಯ ಕಿಟಕಿಗಳೆಲ್ಲ ತೆರೆದುಕೊಂಡ ಹಾಗೆ. ಈ ಹೋಲಿಕೆ ನನ್ನದಲ್ಲ, ಮೇಡಂ ಅವರದು.

ಇದನ್ನೆಲ್ಲ ಅಳೆಯಲು ಒಂದು ಕೈ ಬೇಕಿತ್ತು. ಸಭಿಕರೇ, ಮನೆಯಲ್ಲಿಯೇ ಎರಡು ಕೈಗಳಿದ್ದವು, ನನ್ನವು. ಕೊಟ್ಟೆ. ಮೇಡಂ ನನ್ನ ಮುಂಗೈ ಮೇಲೆ ಪೆನ್ನಿನ ಮೊಂಡು ತುದಿಯಿಂದ ಒಂದು ಗೆರೆ ಎಳೆದರು. ಅದು ನೋಡನೋಡುತ್ತಲೇ ಕೆಂಪಾಗಿ ಉಬ್ಬಿತು. ನನ್ನ ಚರ್ಮವೇ ಹಾಗೆ. ಉಗುರು ತಾಗಿದರೂ ಬಾಸುಂಡೆ.

“ರೀ, ನಿಮ್ಮ ಚರ್ಮ ಆಗಲ್ಲ,” ಎಂದರು. “ಏನೂ ಆಗದಿದ್ರೂ ರಾದ್ಧಾಂತ ಮಾಡುತ್ತೆ.”

ಆಮೇಲೆ ಸಿಕ್ಕಿದ್ದು ಅಧ್ಯಕ್ಷರ ಚರ್ಮ. ಆಗ ಅವರು ಎಕ್ಸ್‌ರೇ ವಿಭಾಗದಲ್ಲಿದ್ದರು, ಇನ್ನೂ ಸಿಬ್ಬಂದಿ ಸಂಘದ ಅಧ್ಯಕ್ಷರಾಗಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಮದುವೆ ಇನ್ನೂ ಆಗಿಲ್ಲ. ಅವರಿಗೆ ಆಸ್ಪತ್ರೆಯಲ್ಲಿ ಮಂಜುಗಡ್ಡೆ ಎಂಬ ಅಡ್ಡಹೆಸರಿತ್ತು. ನೀವು ನಗುತ್ತಿದ್ದೀರಿ ಎಂದರೆ ಈಗಲೂ ಇದೆ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಉರುಳಿಬಿದ್ದರೂ ತಿರುಗಿ ನೋಡದ ಮನುಷ್ಯ. “ಎಂಥ ಶಾಂತವಾದ ಚರ್ಮ ಗೊತ್ತಾ,” ಎಂದು ಮೇಡಂ ಆ ದಿನ ಊಟ ಬಡಿಸುತ್ತಾ ಹೇಳಿದರು. ಸಭಿಕರೇ, ಹೆಂಡತಿ ಇನ್ನೊಬ್ಬನ ಬುದ್ಧಿಯನ್ನು ಹೊಗಳಬಹುದು, ಸಂಬಳವನ್ನು ಹೊಗಳಬಹುದು. ಚರ್ಮವನ್ನು ಹೊಗಳಿದರೆ ಗಂಡನಾದವನು ಯಾವ ಮುಖ ಇಟ್ಟುಕೊಳ್ಳಬೇಕು? ನಾನು ಸಾರು ಕೇಳಿದೆ.

ಆಮೇಲೆ ಬಂದವು ಶನಿವಾರಗಳು. ಮೂರನೆಯ ಮಹಡಿಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಮೇಲೆ ಒಂದು ಸಣ್ಣ ಕೋಣೆ. ಮಂಚ, ಸ್ಟೂಲು, ಗೋಡೆಯ ಮೇಲೆ ಉಷ್ಣಮಾಪಕ. ಅಧ್ಯಕ್ಷರ ಒಂದು ಬೆರಳಿನ ಬುಡಕ್ಕೆ ಮದ್ದು ಕೊಡುವುದು, ಪಕ್ಕದ ಬೆರಳನ್ನು ಹಾಗೆಯೇ ಬಿಡುವುದು. ಎರಡರ ತುದಿಗೂ ಗುಂಡಿಯಂಥ ಒಂದು ಸಾಧನ ಅಂಟಿಸಿದರೆ ಅದು ಸಣ್ಣ ಬೆಳಕು ಬಿಟ್ಟು ಒಳಗಿನ ರಕ್ತದ ಓಟವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಕೈ ಅಲುಗಿದರೆ ಗೆರೆ ಕೆಡುತ್ತದೆ. ಆದ್ದರಿಂದ ಮೇಡಂ ಅಧ್ಯಕ್ಷರ ಮಣಿಕಟ್ಟನ್ನು ಹಿಡಿದು ಕೂರುತ್ತಿದ್ದರು. ಮಾತನಾಡಿದರೂ ಗೆರೆ ಕೆಡುತ್ತದೆ. ಆದ್ದರಿಂದ ಇಬ್ಬರೂ ಮಾತಿಲ್ಲದೆ ಇರುತ್ತಿದ್ದರು.

ನಾನು ಬಾಗಿಲ ಗಾಜಿನಿಂದ ನೋಡಿದ್ದೇನೆ, ಕೆಲಸದ ನಿಮಿತ್ತ ಆ ಕಡೆ ಹೋದಾಗ. ಅವರು ಹರಟುತ್ತಿದ್ದರೆ, ನಗುತ್ತಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಆದರೆ ಒಂದು ಗಂಟೆ ಸುಮ್ಮನೆ ಕೈ ಹಿಡಿದು ಕೂರುವುದು? ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಹಾಗೆ ಕೂತದ್ದು ನನಗೆ ನೆನಪಿಲ್ಲ. ಅತ್ತೆಯವರ ಬಳಿ ಇದನ್ನು ಹಗುರವಾಗಿ ಪ್ರಸ್ತಾಪಿಸಿದೆ. “ಅಳಿಯಂದ್ರೇ, ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ,” ಎಂದರು. “ನೀವೇ ಡಾಕ್ಟ್ರು, ನಾನು ಹೇಳಬೇಕಾ?”

ಒಂದು ಶನಿವಾರ ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ತಳ್ಳಿದೆ. ಅದು ಗೋಡೆಗೆ ಬಡಿಯಿತು. ಪರದೆಯ ಮೇಲಿನ ಒಂದು ಗೆರೆ ಕಲ್ಲು ಬಾವಿಗೆ ಬಿದ್ದ ಹಾಗೆ ಕೆಳಗಿಳಿಯಿತು. ಇನ್ನೊಂದು ಗೆರೆ ಅಲ್ಲಾಡಲಿಲ್ಲ. ಮೇಡಂ ನನ್ನನ್ನು ಬೈಯಲು ಬಾಯಿ ತೆರೆದವರು ಪರದೆಯತ್ತ ಬಾಗಿದರು. ಆಮೇಲೆ, “ಇನ್ನೊಂದು ಸಲ ಹೊರಗೆ ಹೋಗಿ ಬನ್ನಿ,” ಎಂದರು.

ಬೆಚ್ಚಿಬಿದ್ದಾಗ ಬೆರಳಿನ ನಾಳಗಳು ಮುದುಡಿಕೊಳ್ಳುತ್ತವೆ. ಮರಗಟ್ಟಿದ ಬೆರಳಿಗೆ ಮಾತ್ರ ಬೆಚ್ಚಿದ ಸುದ್ದಿ ತಲುಪುವುದಿಲ್ಲ. ಪುಸ್ತಕದಲ್ಲಿ ಇದ್ದದ್ದೇ. ಆದರೆ ಮೇಡಂ ಅದರಿಂದ, ಮದ್ದು ಹಿಡಿದಿದೆಯೇ ಎಂದು ತಿಳಿಯುವ ಒಂದು ಪರೀಕ್ಷೆ ಕಟ್ಟಿದರು. ಮಾತು ಬಾರದ ಮಗುವನ್ನು ಸೂಜಿಯಿಂದ ಚುಚ್ಚಿ ನೋವಾಯಿತೇ ಎಂದು ಕೇಳಬೇಕಿಲ್ಲ, ಒಂದು ಚಪ್ಪಾಳೆ ತಟ್ಟಿ ಗೆರೆ ನೋಡಿದರೆ ಸಾಕು. ನಮ್ಮ ಮಕ್ಕಳ ವಾರ್ಡಿನಲ್ಲಿ ಇಂದು ನಡೆಯುತ್ತಿರುವುದು ಅದೇ. ಮೇಡಂ ಅವರಿಗೆ ಬೇರೆ ಊರಿನ ದೊಡ್ಡ ಸಂಸ್ಥೆಯ ಕರೆ ಬಂದಿರುವುದೂ ಅದಕ್ಕೇ.

ಹಾಗಾಗಿ ನನಗೂ ಒಂದು ಹುದ್ದೆ ಸಿಕ್ಕಿತು. ಪ್ರತಿ ಶನಿವಾರ ನನಗೆ ಮನಸ್ಸು ಬಂದ ಹೊತ್ತಿಗೆ ಹೋಗಿ ಬಾಗಿಲು ಬಡಿಯುವುದು. ಯಾವಾಗ ಎಂದು ಮೇಡಂ ಅವರಿಗೂ ಹೇಳುವಂತಿರಲಿಲ್ಲ. ನಾನು ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಇಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆದರೆ ನನ್ನನ್ನು ಕಾಡಿದ ವಿಷಯವೊಂದಿದೆ. ಹೋಲಿಕೆಗೆಂದು ದಾದಿಯರು ಬಾಗಿಲು ಬಡಿದರು, ಕಾವಲುಗಾರ ಬಡಿದ. ಮೊದಲ ಸಲ ಗೆರೆ ಸ್ವಲ್ಪ ಇಳಿಯಿತು. ಆಮೇಲೆ ಮಂಜುಗಡ್ಡೆ ಮಂಜುಗಡ್ಡೆಯೇ. ನಾನು ಬಂದರೆ ಮಾತ್ರ ಪ್ರತಿ ಸಲವೂ ಇಳಿಯುತ್ತಿತ್ತು. ಅದೂ ನಾನು ಬಾಗಿಲು ಮುಟ್ಟುವ ಮೊದಲೇ ಇಳಿಯಲು ಶುರುವಾಗಿರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಿಮಗೆಲ್ಲ ಗೊತ್ತು. ನಾನು ಯಾರ ಹೆಗಲನ್ನೂ ಕುರಿತು ಹೇಳುತ್ತಿಲ್ಲ, ಅಧ್ಯಕ್ಷರು ಆರಾಮವಾಗಿ ಕೂರಬೇಕು.

ಮೊನ್ನೆ ಮನೆಯಲ್ಲಿ ಮೇಡಂ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದರು. “ಅಲ್ಲಿ ಯಾರ ಕೈ ಹಿಡೀತೀಯ?” ಎಂದು ಕೇಳಿದೆ. ತಮಾಷೆಗೆ. “ಯಾರಾದ್ರೂ ಸಿಗ್ತಾರೆ,” ಎಂದರು. ಅಲ್ಲಿನ ಮನೆ ಹೇಗಿದೆ ಎಂದೆ. “ಒಂದು ಕೋಣೆ, ಒಬ್ಬರಿಗೆ ಸಾಕು.”

ಒಬ್ಬರಿಗೆ. ಆಗ ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. “ಅವನ ಗೆರೆ ನಾನು ಬಂದರೆ ಮಾತ್ರ ಯಾಕೆ ಇಳೀತಿತ್ತು?”

ಮೇಡಂ ಮಡಿಸುತ್ತಿದ್ದ ಸೀರೆಯನ್ನು ಮಡಿಸಿ ಮುಗಿಸಿದರು. “ಮೆಟ್ಟಿಲಲ್ಲಿ ನಿಮ್ಮ ಹೆಜ್ಜೆ ಸದ್ದು ಕೇಳಿದ ಕೂಡಲೇ ನನ್ನ ಕೈ ತಣ್ಣಗಾಗ್ತಿತ್ತು. ಆ ಕೈ ಅವರ ಮಣಿಕಟ್ಟಿನ ಮೇಲಿರ್ತಿತ್ತಲ್ಲ, ಅವರಿಗೆ ಗೊತ್ತಾಗ್ತಿತ್ತು. ಈಗ ಬಾಗಿಲು ಬಡಿಯುತ್ತೆ ಅಂತ.”

“ತಣ್ಣಗೆ ಯಾಕೆ?”

“ಡಾಕ್ಟ್ರಾಗಿ ಅದನ್ನೂ ಕೇಳ್ತೀರಾ? ಹೆದರಿದ ಚರ್ಮಕ್ಕೆ ರಕ್ತ ಬರಲ್ಲ ರೀ.”

ಸಭಿಕರೇ, ಒಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ನನ್ನ ಹೆಂಡತಿಯ ಕೈ ವರ್ಷಗಟ್ಟಲೆ ತಣ್ಣಗಾಗುತ್ತಿತ್ತು. ಅದು ಗೊತ್ತಿದ್ದದ್ದು ಅಧ್ಯಕ್ಷರಿಗೆ, ನನಗಲ್ಲ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೇನಿದೆ? ಇದನ್ನು ಹೇಳುವಾಗ ನನ್ನ ಕುತ್ತಿಗೆ ಕೆಂಪಾಗಿರುವುದು ಹಿಂದಿನ ಸಾಲಿಗೂ ಕಾಣುತ್ತಿರಬೇಕು. ನನ್ನ ಚರ್ಮವೇ ಹಾಗೆ.

ಆ ಸಂಜೆ ನಾನು, “ನಾನೂ ಅಲ್ಲಿಗೆ ಬರಬಹುದಾ?” ಎಂದು ಕೇಳಿದೆ. ಮೇಡಂ ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ, “ಬರೋದಾದ್ರೆ ಬಾಗಿಲು ತಟ್ಟಿ ಬರಬೇಕು. ಬನ್ನಿ ಅಂದ ಮೇಲೆ ಒಳಗೆ,” ಎಂದರು. ನಾನು ಸ್ವಂತ ಮನೆಯ ಬಾಗಿಲನ್ನು ತಟ್ಟುವುದೇ ಎಂದು ಎದ್ದು ಹೋದೆ.

ಮಾತನಾಡಲು ಅವಕಾಶ ಕೊಟ್ಟ ಸಿಬ್ಬಂದಿ ಸಂಘಕ್ಕೆ ಕೃತಜ್ಞತೆಗಳು. ಕೈ ಕೊಟ್ಟದ್ದಕ್ಕೆ, ಮತ್ತು ಗೊತ್ತಿದ್ದದ್ದನ್ನು ಯಾರಿಗೂ ಹೇಳದೆ ಇದ್ದದ್ದಕ್ಕೆ, ಅಧ್ಯಕ್ಷರಿಗೂ ಕೃತಜ್ಞತೆಗಳು. ಈ ಎರಡನೆಯದನ್ನು ಹೇಳಲು ನನಗೆ ಸುಲಭವಾಗಲಿಲ್ಲ.

ಮೈಕಿನ ಹುಡುಗರೇ, ಈಗ ಸ್ವಲ್ಪ ಸದ್ದಾಗುತ್ತದೆ. ಹೆದರಬೇಡಿ, ಈ ಮರದ ಮೇಜನ್ನು ಬೆರಳಿನಿಂದ ತಟ್ಟುತ್ತಿದ್ದೇನೆ, ಅಷ್ಟೇ. ಮೆಲ್ಲಗೇ ತಟ್ಟುತ್ತೇನೆ.

ಮೇಡಂ, ಕೇಳಿಸಿತೇ? ಉತ್ತರಕ್ಕೆ ಅವಸರವಿಲ್ಲ. ನಾನು ಇಲ್ಲಿಯೇ ನಿಂತಿರುತ್ತೇನೆ.

ಎಲ್ಲರಿಗೂ ನಮಸ್ಕಾರ.