ಹಾಸಿದ ಕಂಬಳಿ ಮ್ಯಾಲಿನ ಠರಾವು

ಹಂಗಲ್ಲೋ ಸಂಜ್ಯಾ, ನಿಮ್ಮಜ್ಜಿ ಕಾಲದಾಗ ಎಲ್.ಆರ್. ಅಂದ್ರ, ಲೇಡೀಜ್ ರೆಪ್ರೆಸೆಂಟೇಟಿವ್ ಅಂದ್ರ, ಬರೇ ರಂಗೋಲಿ ಸ್ಪರ್ಧಾ ಇಡಾಕಿ ಅಂತ ಎಲ್ಲಾರೂ ತಿಳದಿದ್ರು. ಕಾಲೇಜ್ ಯೂನಿಯನ್ನಿನ್ಯಾಗ ಹುಡುಗ್ಯಾರ ಪರವಾಗಿ ಒಬ್ಬಾಕಿ ಇರಬೇಕಿತ್ತು, ನನ್ನ ಹಿಡದು ಕುಂದರಸಿದ್ರು. ಈ ನೀಲವ್ವ ಸುಮ್ಮನ ಕುಂದ್ರತಾಳ ಅಂದ್ಕೊಂಡಿದ್ರು, ಪಾಪ. ಎಂಬತ್ತೈದನೇ ಇಸವಿ... ಅಲ್ಲ ತಡಿ, ಎಂಬತ್ತಾರು, ನಮ್ಮ ಕೆಂದ ಆಕಳು ಸತ್ತ ವರ್ಷ. ಆ ಆಕಳ ಎಂಥಾ ಹಾಲ ಕೊಡ್ತಿತ್ತು ಅಂತೀರಿ... ಇರ್ಲಿ ಬಿಡ್ರಿ. ನಮ್ಮೂರು ಕಮತಗಿ, ನಾ ಬಾಗಲಕೋಟ್ಯಾಗ ಬಳಗದವರ ಮನ್ಯಾಗ ಇದ್ದು ಕಾಲೇಜಿಗೆ ಹೋಗ್ತಿದ್ದೆ. ನಮ್ಮ ಮನಿತನದಾಗ ಕಾಲೇಜ್ ಮೆಟ್ಟಿಲ ಹತ್ತಿದಾಕಿ ನಾನ ಮೊದಲ. ಅಪ್ಪ ಕುರಿ ಕಾಯಾಂವ. ಮಂದಿ ಎಲ್ಲಾ, ಹೆಣ್ಣ ಹುಡುಗೀಗೆ ಯಾಕಪಾ ಇಷ್ಟ ಓದು ಅಂದ್ರೂ, ಓದ್ಲಿ ಬಿಡ್ರಿ ಅಂತಿದ್ದ. ಆದ್ರ ಒಂದ ಮಾತ ಮೊದಲ ಹೇಳಿದ್ದ, ಕಾಲೇಜಿನಿಂದ ಒಂದ ತಕರಾರ ಬಂತಂದ್ರ ಪುಸ್ತಕ ಕಟ್ಟಬೇಕು.

ಆ ವರ್ಷ ರೇಡಿಯೋದಾಗ ದಕ್ಷಿಣ ಆಫ್ರಿಕಾದ ಸುದ್ದಿ ಭಾಳ ಬರ್ತಿತ್ತು. ಅಲ್ಲಿ ಕರೀ ಮಂದಿಗೆ ಕುಂದ್ರಾಕ ಬೆಂಚು ಬ್ಯಾರೆ, ಬಸ್ಸು ಬ್ಯಾರೆ, ಸಾಲಿ ಬ್ಯಾರೆ, ಅವರದ ನೆಲದಾಗ ಅವರಿಗೆ ಓಟಿಲ್ಲ. ಯಾಕ ಅಂತ ಕೇಳಿದ ಹುಡುಗರನ್ನ ಹಿಡದು ಜೇಲಿಗೆ ಒಗೀತಿದ್ರು. ಇದು ತಪ್ಪು, ನಾವು ಆ ಹುಡುಗರ ಕಡೆ ಅದೀವಿ ಅಂತ ಯೂನಿಯನ್ನಿನಿಂದ ಒಂದ ಠರಾವು ಮಾಡಿ ದಿಲ್ಲಿಗೆ ಕಳಸೂಣು ಅಂತ ನಾ ಮೀಟಿಂಗಿನ್ಯಾಗ ಎದ್ದ ಹೇಳ್ದೆ. ಗೊಳ್ಳಂತ ನಕ್ಕರು. ಮಲ್ಲೇಶಿ ಅಂತ ಒಬ್ಬ ಇದ್ದ, ಹಾಸ್ಟೆಲ್ ಹುಡುಗರ ಮುಖಂಡ, ನಮ್ಮ ಮಂದ್ಯಾವನ, ನಮ್ಮಂಗ ಕುರುಬರ ದೇವರು ಬೀರಪ್ಪನ ಒಕ್ಕಲ. ಆಫ್ರಿಕಾ ಎಲ್ಲೈತಿ, ಬಾಗಲಕೋಟಿ ಎಲ್ಲೈತಿ, ಈಕಿಗೆ ರಂಗೋಲಿ ಸಾಲಲಿಲ್ಲೇನು ಅಂದ. ಆದ್ರೂ ನಾ ಬಿಡ್ಲಿಲ್ಲ, ದಿನಾ ಒಬ್ಬೊಬ್ಬರನ್ನ ಹಿಡದು ಹೇಳಿ ಹೇಳಿ ಅರ್ಧಕ್ಕಿಂತ ಹೆಚ್ಚ ಮಂದಿನ್ನ ನನ್ನ ಕಡೆ ತಿರಿಗಿಸ್ಕೊಂಡೆ. ಆವಾಗ ಪ್ರಿನ್ಸಿಪಾಲರು ಅಂಜಿದ್ರು. ಅವರು ಕೆಟ್ಟವರೇನಲ್ಲ, ಆದ್ರ ಅಂಜುಬುರುಕರು. ಸಹಿ ಹಾಕಂಗಿಲ್ಲ ಅಂದ್ರು, ಅದರ ಮ್ಯಾಲ ಅಪ್ಪಗ ಹೇಳಿ ಕಳಿಸಿದ್ರು.

ಅಪ್ಪ ಬಂದ. ಹೆಗಲ ಮ್ಯಾಲ ಕಂಬಳಿ, ಕೈಯಾಗ ಕುರಿ ಹೊಡಿಯೂ ಬಡಿಗಿ, ಆಫೀಸಿನ ಹೊಸ್ತಿಲದಾಗ ಚಪ್ಪಲಿ ಬಿಟ್ಟು ನಿಂತ. ನಿಮ್ಮ ಮಗಳಿಗೆ ಪರದೇಶದ ಉಸಾಬರಿ ಯಾಕ ಅಂತ ಪ್ರಿನ್ಸಿಪಾಲರು ಕೇಳಿದ್ರು. ಅಪ್ಪ ನನ್ನ ಮಾರಿ ನೋಡ್ದ. ಅದು ಅನ್ಯಾಯ ಅಪ್ಪಾ ಅಂದೆ. ಆಗ ಪ್ರಿನ್ಸಿಪಾಲರು ನಮ್ಮನ್ನ ಸಾಗ ಹಾಕಾಕ ಒಂದ ಮಾತ ಅಂದ್ರು ನೋಡ್ರಿ, ಅದ ಅವರು ಮಾಡಿದ ತಪ್ಪು.

"ನಮ್ಮ ಹಾಸ್ಟೆಲಿನ್ಯಾಗ ಹಣಮಂತನ ಉಣ್ಣೂ ಗಂಗಾಳ ಇನ್ನೂ ಮೂಲ್ಯಾಗ ಐತೆವ್ವಾ. ಎಲ್ಲಾರೂ ಅವನ ಕೂಡ ಒಂದ ಪಂಕ್ತ್ಯಾಗ ಉಂಡ ದಿವಸ ಬಾ, ಸಹಿ ಹಾಕ್ತೇನಿ."

ಗೊತ್ತಿತ್ತು ಅವರಿಗೆ! ಗೊತ್ತಿದ್ದೂ ಸುಮ್ಮನಿದ್ರು. ಹಣಮಂತ ನಮ್ಮ ಕ್ಲಾಸಿನಾಂವ, ಹುನಗುಂದ ಕಡೆ ಹೊಲಗೇರಿ ಹುಡುಗ. ಊಟದ ಹೊತ್ತಿಗೆ ಅವನ್ನ ಗ್ವಾಡಿ ಮೂಲ್ಯಾಗ ಒಬ್ಬನ್ನ ಕುಂದರಸ್ತಿದ್ರು. ಹೊರಗ ಬಂದ್ವಿ. ಬೇವಿನ ಗಿಡದ ಕೆಳಗ ಅಪ್ಪ ಕೇಳ್ದ, ಆ ದೇಶದಾಗ ಎಲ್ಲಾರನ್ನೂ ಒಂದ ಕಂಬಳಿ ಮ್ಯಾಲ ಕುಂದ್ರಾಕ ಬಿಡಂಗಿಲ್ಲೇನು? ಬಿಡಂಗಿಲ್ಲಪ್ಪಾ ಅಂದೆ. ಮತ್ತ ಇಲ್ಲಿ, ಅಂದ. ಇಲ್ಲಿ ನಾ ಕುಂದರಸ್ತೇನಪ್ಪಾ ಅಂದೆ. ಐತ್ವಾರದ ತನಕ ನೋಡ್ತೇನಿ, ಆಗಲಿಲ್ಲಂದ್ರ ಪುಸ್ತಕ ಕಟ್ಟು, ನನ್ನ ಜೋಡಿ ಮನಿಗೆ ನಡಿ ಅಂದುಬಿಟ್ಟ.

ಹಣಮಂತನ್ನ ಕೇಳಬೇಕಲ್ಲ ಮೊದಲ. ಅವಾ, "ನಾ ಕುಂತ ಮ್ಯಾಲ ಅವರು ಎದ್ದ ಹೋದ್ರ ನಾ ಈ ಕಾಲೇಜಿನ್ಯಾಗ ತಲಿ ಎತ್ತಿ ಹ್ಯಾಂಗ ಅಡ್ಡಾಡ್ಲಿ, ಅಕ್ಕಾ?" ಅಂದ. ಅವರು ಎದ್ರ ನಾನೂ ಅವತ್ತ ಕಾಲೇಜ್ ಬಿಟ್ಟು ಹೊಂಟೆ, ಇಬ್ಬರದೂ ಒಂದ ಗತಿ ಅಂದೆ. ನಕ್ಕ.

ಈಗ ಕೇಳ್ರಿ ನಿಮ್ಮಜ್ಜಿ ಹಿಕಮತ್ತು. ನಮ್ಮ ಮಂದ್ಯಾಗ ಕಂಬಳಿ ಅಂದ್ರ ಹೊದ್ಯಾಕ ಅಷ್ಟ ಅಲ್ಲ, ಹಾಸಿದ್ರ ಅದು ಬೀರಪ್ಪನ ಗದ್ದಿಗಿ. ಅದರ ಮ್ಯಾಲ ಕುಂತವ್ರು ಕೆಲಸ ಮುಗಿಯೂ ಮುಂಚೆ ಏಳಂಗಿಲ್ಲ. ಐತ್ವಾರ ಹಾಸ್ಟೆಲಿನ್ಯಾಗ ಗೋದಿ ಹುಗ್ಗಿ. ಬಡಸಾಕ ನಾವು ಹುಡುಗ್ಯಾರು ಬರ್ತೇವಿ ಅಂತ ಪರವಾನಗಿ ತಗೊಂಡೆ. ಅಪ್ಪ ನಮ್ಮ ಕಾಕಾಗೋಳ ಮನಿಯಿಂದ ಇದ್ದಬದ್ದ ಕಂಬಳಿ ಎಲ್ಲಾ ಹೊತಗೊಂಡ ಬಂದ. ಆ ಗ್ವಾಡಿಯಿಂದ ಈ ಗ್ವಾಡಿ ತನಕ ಉದ್ದಕ ಹಾಸಿದ್ವಿ. ಮಲ್ಲೇಶಿ ಗುಂಪನ್ನ ಮೊದಲ ಕರದೆ, ಬರ್ರಿ ಬರ್ರಿ ಅಂತ ಮರ್ಯಾದಿಲೆ ಕುಂದರಸ್ದೆ, ನಡು ನಡು ಜಾಗಾ ಬಿಟ್ಟು. ಅವರು ಹುಗ್ಗಿ ವಾಸನಿಗೆ ಏನೂ ಕೇಳಲಿಲ್ಲ. ಎಲ್ಲಾರ ಗಂಗಾಳಕ್ಕೂ ಹುಗ್ಗಿ ಬಿತ್ತು. ಆವಾಗ ಹಣಮಂತನ್ನ ಕರದೆ. ಬಂದು ಸೀದಾ ಮಲ್ಲೇಶಿ ಬಾಜೂಕ ಕುಂತ.

ಯಾರ ಕೈನೂ ಬಾಯಿಗೆ ಹೋಗಲಿಲ್ಲ. ಮಲ್ಲೇಶಿ ಮಾರಿ ಕೆಂಪಾತು, ಒಂದ ಮೊಣಕಾಲ ಊರಿ ಏಳಾಕ ಹತ್ತಿದ. ಬಾಗಲದಾಗ ನಿಂತಿದ್ದ ಅಪ್ಪ ದನಿ ಏರಿಸಲಾರದ ಕೇಳ್ದ.

"ಹಾಸಿದ ಕಂಬಳಿ ಬಿಟ್ಟ ಏಳ್ತಿಯೇನೋ ತಮ್ಮಾ? ಊರಿಗೆ ಹೋಗಿ ನಿಮ್ಮವ್ವಗ ಏನಂತ ಹೇಳ್ತಿ?"

ಮಲ್ಲೇಶಿ ಹಂಗ ಕುಂತ. ತಲಿ ಬಗ್ಗಿಸಿ ಒಂದ ತುತ್ತ ಉಂಡ, ಇನ್ನೊಂದ ಉಂಡ. ಅವ ಉಂಡ ಕೂಡಲೆ ಉಳದವ್ರೂ ಉಂಡ್ರು. ಮಾರಿ ಗಂಟ ಹಾಕ್ಕೊಂಡ ಉಂಡ್ರು, ಅದ್ಯಾಕ ಸುಳ್ಳ ಹೇಳ್ಲಿ, ಆದ್ರ ಉಂಡ್ರು. ಹುಗ್ಗಿ ಮುಂದ ಎಷ್ಟೊತ್ತ ಸಿಟ್ಟ ಇರ್ತೈತ್ರೋ? ಎರಡನೇ ಸಲ ಬಡಸಾಕ ಹೋದಾಗ ಮಲ್ಲೇಶಿನ ಅಂದ, ಹಣಮಂತನ ಗಂಗಾಳ ಬರೇದಾಗೇತಿ, ಹಾಕ್ರಿ ಅಂತ. ನನಗ ಅಲ್ಲೇ ಕಣ್ಣಾಗ ನೀರ ಬಂದ್ವು.

ಪ್ರಿನ್ಸಿಪಾಲರನ್ನ ಕರಕೊಂಡ ಬಂದು ತೋರಿಸ್ದೆ. ಕಿಸೆದಾಗಿನ ಪೆನ್ನ ತಗದು ಸಹಿ ಹಾಕಿದ್ರು. ಸೋಮವಾರ ಕಾಲೇಜ್ ಮೈದಾನದಾಗ ಠರಾವು ಓದಿದಾಂವ ಯಾರು? ಹಣಮಂತ! ಏನ ಚಪ್ಪಾಳಿ ಅಂತೀರಿ, ರಸ್ತೆದಾಗ ಹೊಂಟ ಟಾಂಗಾದವ ಟಾಂಗಾ ನಿಲ್ಲಿಸಿ ನೋಡ್ದ. ಆದ್ರ ನಾ ಗೆದ್ದಿದ್ದು ಐತ್ವಾರನ. ಊಟ ಮುಗದ ಮ್ಯಾಲ ಅಪ್ಪ ಕಂಬಳಿ ಝಾಡಿಸಿ ಹೆಗಲಿಗೆ ಹಾಕ್ಕೊಂಡ. ನಾ ಹಿಂದಿಂದ ಬಸ್ ಸ್ಟ್ಯಾಂಡ್ ತನಕ ಹೋದೆ, ಏನಂತಾನೋ ಏನೋ ಅಂತ. ಕಂಡಕ್ಟರ್ ಎಷ್ಟು ಅಂದ. ಅಪ್ಪ ನನ್ನ ನೋಡಿ, "ಕಮತಗಿ, ಒಂದ" ಅಂದ.

ಆ ಠರಾವಿನಿಂದ ಆಫ್ರಿಕಾದಾಗ ಏನಾತು ಅಂತೀ? ನನಗೇನ ಗೊತ್ತೋ. ಹಾಸ್ಟೆಲಿನ ಆ ಮೂಲ್ಯಾಗ ಮತ್ತ ಯಾರೂ ಒಬ್ಬರ ಕುಂತು ಉಣ್ಲಿಲ್ಲ, ಅದು ಗೊತ್ತು. ಜಗತ್ತಿನ ಸಲುವಾಗಿ ಬಾಯಿ ತಗೀರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಬಾಜೂಕ ಯಾರ ಕುಂತಾರ, ಯಾರ ಕುಂತಿಲ್ಲ, ಅದನ್ನೂ ನೋಡ್ರಿ. ಏಳ್ರಿ ಸಾಕು, ಕೈ ತೊಳಕೊಳ್ರಿ, ಹಿತ್ತಲದಾಗ ಕುಂತ ಆ ಕೆಲಸದ ಹುಡುಗಿನ್ನೂ ಒಳಗ ಕರೀರಿ ಊಟಕ್ಕ.