ನೀಲಿ ಕೋಠಿ ಸ್ಟಾಂಪು

ಬಾಗಲಾ ಮುಂದ ಮಾಡಿ ಕುಂದರ್ರಿ, ಹೇಳ್ತೀನಿ. ನಮ್ಮ ಬಾಜೂ ಮನಿ ಮಾಳಿಂಗಪ್ಪ ಆವತ್ತು ರಾತ್ರಿ ಕವಿತಾಳದ ಅಂಚೆ ಆಫೀಸಿನಿಂದ ನಡಕೊಂತ ಊರಿಗೆ ಹೊಂಟಿದ್ದ. ಬಗಲಾಗ ಲಕೋಟಿ ಗಂಟು. ಬಾಯಾಗ ಹೊಲಸು ನಾತ. ಥೂ ಅಂತ ಉಗುಳಿದ... ಹೋಗ್ಲಿಲ್ಲ. ಮತ್ತ ಉಗುಳಿದ.

ಆ ಹಾದ್ಯಾಗ ನೀಲಿ ಕೋಠಿ ಅದ. ಹಿಂದಕ ಬಟ್ಟಿ ಬಣ್ಣಕ್ಕ ನೀಲಿ ಗಿಡ ಬೆಳೆಸ್ತಿದ್ದ ಬಿಳಿ ದೊರಿ ಬಂಗ್ಲೆ. ನೀಲಿ ಸೊಪ್ಪು ಕೊಳೆಸಿದ ತೊಟ್ಟಿಯೊಳಗ ನಮ್ಮ ಮಂದಿನ್ನ ಸೊಂಟದಮಟ ಇಳಿಸಿ ದಿನಪೂರ್ತಿ ತುಳಿಸ್ತಿದ್ದ. ಕೂಲಿ ಒಂದು ಹಿಡಿ ನುಚ್ಚು. ಎಷ್ಟೋ ಮಂದಿ ಅದರಾಗ ಹಸಕೊಂಡು ಸತ್ರು. ಅಂಥಾ ಮನಿ ಚಿತ್ರ ಹಾಕಿ ಈಗ ಸರಕಾರದ ಅಂಚೆ ಸ್ಟಾಂಪು! ಹೇಸಿಗಿ ಬರಂಗಿಲ್ಲೇನ್ರಿ?

ಮರುದಿನ ಅದರ ಬಿಡುಗಡಿ. ಮುನ್ನೂರು ಲಕೋಟಿಗೆ ಹಚ್ಚಿ ಮುಂಜಾನಿ ಸಮಾರಂಭಕ್ಕ ತರಬೇಕು ಅಂತ ಸಾಹೇಬ್ರ ಹುಕುಂ. ಮಾಳಿಂಗಪ್ಪಂದು ಟೆಂಪರ್ವರಿ ನೌಕರಿ, ತಪ್ಪಿದ್ರ ಮನಿಗೆ ಕಳಸ್ತಾರ. ಆಫೀಸಿನ್ಯಾಗ ನೀರಿನ ಸ್ಪಂಜು ಎದುರಿಗೇ ಇತ್ತು. ಇವ ರೂಢಿ ಬಿದ್ದಂಗ ನಾಲಗಿಲೇ ನೆಕ್ಕಿ ನೆಕ್ಕಿ ಹಚ್ಚಿದ. ಹತ್ತನೇದಕ್ಕ ಬಾಯಿ ಕೊಳತ ಸೊಪ್ಪಿನಂಗ ನಾರಾಕತ್ತಿತು. ಆದ್ರೂ ಬಿಡ್ಲಿಲ್ಲ, ಮುನ್ನೂರೂ ಹಚ್ಚಿ ಗಂಟು ಕಟ್ಟಿದ.

ಕೋಠಿ ಬಾವಿ ಹತ್ರ ಬಂದ. ಚಪ್ಪ್... ಚಪ್ಪ್... ಚಪ್ಪ್... ಕೆಸರು ತುಳಿಯೋ ಸಪ್ಪಳ. ಒಬ್ಬರದಲ್ಲ, ಹತ್ತಾರು ಕಾಲು. ಇವ ನಿಂತ. ಅದೂ ನಿಂತಿತು.

"ತಮ್ಮಾ..." ಕಿವಿ ಹತ್ರ ಪಿಸುಮಾತು. "ನಮ್ಮ ಬೆವರು ನೆಕ್ಕಿದ್ಯಲ್ಲ... ರುಚಿ ಹೆಂಗದ?"

ಮಾಳಿಂಗಪ್ಪ ಅಲ್ಲೇ ಕುಂತು ಕಾರಿಕೊಂಡ.

"ಆ ಸ್ಟಾಂಪೆಲ್ಲ ಕಿತ್ತು ಒಗಿ..." ಮತ್ತ ಅದೇ ಪಿಸುಮಾತು.

"ಯಪ್ಪಾ, ಕಿತ್ತರ ನೌಕರಿ ಹೋಗ್ತದ. ಹೆಂಡ್ತಿ ಮಗಳು ಏನ್ ಉಣಬೇಕು?"

ಅದಕ್ಕ ಆ ದನಿ ಅಂತು, "ಹಂಗಾರ ನಾವೂ ಉಣ್ಣಾಕ ಬರ್ತೀವಿ."

ಎದ್ದು ಬಿದ್ದು ಓಡಿದ. ಚಪ್ಪ್ ಚಪ್ಪ್ ಅನ್ಕೊಂತ ಹಿಂದಿಂದ ಬಂತು, ಹೊಸ್ತಿಲದ ತನಕ.

ಮರುದಿನ ಹಾರ, ಭಾಷಣ, ಚಪ್ಪಾಳಿ ಎಲ್ಲಾ ಆತು. ದೊಡ್ಡ ಮಂದಿ ಲಕೋಟಿ ಹಿಡಕೊಂಡು ನಕ್ಕೊಂತ ಫೋಟೊ ತೆಗಿಸಿಕೊಂಡ್ರು. ಆಮ್ಯಾಗ ಒಬ್ಬೊಬ್ಬರೇ ಬೆರಳು ಮೂಸಿ ನೋಡಿ, ಮಾರಿ ಕಿವುಚಿ, ಪ್ಯಾಂಟಿಗೆ ಒರಸಿಕೊಂಡ್ರು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡೀನಿ. ಮಾಳಿಂಗಪ್ಪನ ನೌಕರಿ ಉಳೀತು.

ಆವತ್ತು ಸಂಜಿಗೆ ಅವನ ಹೆಂಡ್ತಿ ಭಾಗ್ಯಜ್ಯೋತಿ ಒಂಬತ್ತು ರೊಟ್ಟಿ ಬಡದು ಬುಟ್ಟ್ಯಾಗ ಇಟ್ಳು. ಗಂಡ, ಮಗಳು, ಆಕಿ ಊಟಕ್ಕ ಕುಂದ್ರೋದರಾಗ ಬುಟ್ಟಿ ಖಾಲಿ. ಮತ್ತ ಒಂಬತ್ತು ಬಡದಳು... ಅವೂ ಇಲ್ಲ.

ಸುಳ್ಳಂತೀರೇನು? ರಾತ್ರಿ ಜ್ವಾಳದ ಹಿಟ್ಟು ಕೇಳಾಕ ನಮ್ಮ ಮನಿಗೇ ಬಂದಿದ್ಳು. ಎರಡು ಸೇರು ನಾನೇ ಅಳದು ಕೊಟ್ಟೀನಿ.